ದೀಪ ಹಚ್ಚಿದ ಮೇಲೆ ಹೇಳದ ಹೆಸರು

ಮಧುವನಹಳ್ಳಿ
9 ಜೂನ್ 2024

ಚಿರಂಜೀವಿ ತಮ್ಮ ಮಹದೇವಸ್ವಾಮಿಗೆ ಅಕ್ಕ ಶಿವರತ್ನಮ್ಮ ಮಾಡುವ ಆಶೀರ್ವಾದ.

ನಿನ್ನ ಮಂಡಿನೋವು ಹೇಗಿದೆ? ಮಗ ಮಾದೇಶನಿಗೆ ಬಂದಿದ್ದ ಜ್ವರ ಪೂರ್ತಿ ಬಿಟ್ಟಿತೇ? ಸೊಸೆ ದೀಪಶ್ರೀ ಹೊತ್ತುಹೊತ್ತಿಗೆ ಉಣ್ಣುತ್ತಾಳೋ, ಅಥವಾ ಮನೆಯ ಗಂಡಸರನ್ನೆಲ್ಲ ಉಣ್ಣಿಸಿ ತಳ ಬಳಿದುಕೊಳ್ಳುತ್ತಾಳೋ? ಪಕ್ಕದ ಮನೆಯ ಚಿಕ್ಕನಿಂಗಮ್ಮಜ್ಜಿಯ ಕೆಮ್ಮು ಹೇಗಿದೆ? ಎಲ್ಲರನ್ನೂ ಕೇಳಿದೆ ಅಂತ ಹೇಳು.

ಇಲ್ಲಿ ನಾನೂ ನಿನ್ನ ಭಾವನವರೂ ಚೆನ್ನಾಗಿದ್ದೇವೆ. ಹಾಗೆ ಬರೆಯುವುದು ರೂಢಿ, ಬರೆದೆ. ರತ್ನ ಹೋದಾಗಿನಿಂದ ನಿನ್ನ ಭಾವ ತಟ್ಟೆಯ ಮುಂದೆ ಕೂತರೆ ಅನ್ನ ಕಲಸುತ್ತಲೇ ಇರುತ್ತಾರೆ. ನಿನಗೆ ಹೆಂಡತಿ ಹೋದಳು, ಅವರಿಗೆ ಒಬ್ಬಳೇ ತಂಗಿ ಹೋದಳು. ಇದನ್ನು ಒಮ್ಮೊಮ್ಮೆ ನೀನು ಮರೆಯುತ್ತೀಯ.

ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ‘ಊಂ’ ಅಂದು ಇಟ್ಟುಬಿಡುತ್ತೀಯ. ಕಾಗದವನ್ನಾದರೆ ನಡುವೆ ತುಂಡು ಮಾಡಲಾಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ವಿಷಯ ಏನೆಂದರೆ, ನಾನು ಹಾವುಗಳ ಫೋಟೋ ತೆಗೆಯುವ ಕೆಲಸಕ್ಕೆ ಸೇರಿದ್ದೇನೆ. ನಗಬೇಡ. ಹಗ್ಗ ಕಂಡರೆ ಹಾರುವ ಶಿವರತ್ನಿ ಅಂತ ನನಗೆ ಹೆಸರಿಟ್ಟವನೇ ನೀನು. ಕೊಳ್ಳೇಗಾಲದ ಕಾಲೇಜಿನಲ್ಲಿ ಪಾಠ ಹೇಳುವ ಕೋಮಲ ಮೇಡಂ ಅಂತ ಒಬ್ಬರಿದ್ದಾರೆ. ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಕಡೆಯಿಂದ ಮನಸ್ಸಿದ್ದವರನ್ನು ಸೇರಿಸಿದ್ದಾರೆ. ಸಂಬಳವಿಲ್ಲ. ವಾರಕ್ಕೊಮ್ಮೆ ನಮ್ಮ ನಮ್ಮ ಊರಿನಲ್ಲಿ ಗೊತ್ತುಮಾಡಿದ ಜಾಗಗಳನ್ನು ಸುತ್ತಬೇಕು. ಹಾವು ಕಂಡರೆ ದೂರ ನಿಂತು ಫೋನಿನಲ್ಲಿ ಫೋಟೋ ಹಿಡಿದು, ಎಲ್ಲಿ ಕಂಡಿತು ಅಂತ ಬರೆದು ಕಳಿಸಬೇಕು. ಮುಟ್ಟುವ ಹಾಗಿಲ್ಲ, ಹಿಡಿಯುವ ಹಾಗಿಲ್ಲ, ಹೊಡೆಯುವ ಹಾಗಿಲ್ಲ. ಯಾವ ಹಾವು ಎಲ್ಲಿ ಮಲಗುತ್ತದೆ, ಯಾವ ಕಾಲದಲ್ಲಿ ಹೊರಬರುತ್ತದೆ ಅಂತ ತಿಳಿದರೆ ಜನ ಅಲ್ಲಿ ಹುಷಾರಾಗಿ ಕಾಲಿಡುತ್ತಾರಂತೆ.

ಮೊದಲ ಸಭೆ ಯಳಂದೂರಿನಲ್ಲಿತ್ತು. ಮೇಡಂ ಎದ್ದು ನಿಂತು, “ನಿಮ್ಮ ಕಡೆ ಸಂಜೆ ಹೊತ್ತು ಹಾವು ಕಚ್ಚಿದರೆ ಏನಂತ ಹೇಳ್ತೀರಿ?” ಅಂದರು. ಹಿಂದಿನ ಸಾಲಿನಿಂದ ಒಬ್ಬ ಯಜಮಾನರು, “ಉಳ ಮುಟ್ತು ಅಂತೀವಿ ಕಣ್ ಮೇಡಂ. ದೀಪ ಅಚ್ಚುದ್ ಮ್ಯಾಲೆ ಅದ್ರ ಎಸ್ರು ಎತ್ತುದ್ರೆ ಕರ್ದಂಗೆ ಅಲ್ವಾ?” ಅಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಎದ್ದು ಹೊರಗೆ ಹೋಗಿ ಬಸ್‌ಸ್ಟ್ಯಾಂಡಿನ ತನಕ ನಡೆದು ವಾಪಸ್ಸು ಬಂದೆ.

ಏಕೆಂದರೆ ನೀನೂ ಅದನ್ನೇ ಅಂದೆಯಲ್ಲ, ತಮ್ಮ. ರತ್ನ ದೀಪ ಹಚ್ಚಿ ಸೌದೆ ತರಲು ಹೋಗಿದ್ದಳು. ಕಟ್ಟುಹಾವು ಕಚ್ಚಿ ಸೌದೆಯೊಳಗೆ ನುಸುಳಿದ್ದನ್ನು ನೀನು ಕಣ್ಣಾರೆ ಕಂಡೆ. ಹೊತ್ತುಕೊಂಡು ಆಸ್ಪತ್ರೆಗೆ ಓಡಿದೆ, ತಡ ಮಾಡಲಿಲ್ಲ, ಮಂತ್ರ ಹಾಕುವವನ ಮನೆಗೂ ಹೋಗಲಿಲ್ಲ. ಎಲ್ಲವನ್ನೂ ಸರಿಯಾಗಿ ಮಾಡಿ ಡಾಕ್ಟರ ಮುಂದೆ ನಿಂತು ಏನಂದೆ? “ಉಳ ಮುಟ್ಬುಡ್ತು ಸಾ.” ಆ ಹುಡುಗ ಎಲ್ಲಿಯವನೋ, ನಮ್ಮ ಮಾತು ಅವನಿಗೇನು ಗೊತ್ತು. ಊತವಿಲ್ಲ, ರಕ್ತವಿಲ್ಲ, ಸೂಜಿ ಚುಚ್ಚಿದಷ್ಟು ಗಾಯ. ಯಾವುದೋ ಹುಳ ಅಂದುಕೊಂಡು ಒಂದು ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸಿದ. ಬೆಳಗಾಗುವಷ್ಟರಲ್ಲಿ ಅವಳ ರೆಪ್ಪೆ ಎತ್ತಲಾಗಲಿಲ್ಲ, ಆಮೇಲೆ ಉಸಿರೂ ಎತ್ತಲಾಗಲಿಲ್ಲ.

ಡಾಕ್ಟರು ಕೊಂದ ಅಂತ ನೀನು ಊರೂರಲ್ಲಿ ಹೇಳಿಕೊಂಡು ಬಂದೆ. ಅವನು ಇನ್ನೊಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ, ಅದು ಅವನ ತಪ್ಪು. ಆದರೆ ಅವನಿಗೆ ಹುಳ ಅಂತ ಹೇಳಿದವರು ಯಾರು?

ಇದನ್ನು ಬರೆಯಬಾರದು ಅಂತ ಏಳು ತಿಂಗಳು ಬಾಯಿ ಕಟ್ಟಿಕೊಂಡಿದ್ದೆ. ಯಳಂದೂರಿನಲ್ಲಿ ಅವರೆಲ್ಲ ನಕ್ಕರಲ್ಲ, ಅದರ ಮೇಲೆ ತಡೆಯಲಾಗಲಿಲ್ಲ. ಬಾಯಲ್ಲಿ ಹೇಳಲು ಹೆದರುವವರು ಬೆರಳಿಟ್ಟು ತೋರಿಸಲಿಕ್ಕಾದರೂ ಊರಿಗೊಂದು ಫೋಟೋ ಇರಲಿ ಅಂತ ಸೇರಿಕೊಂಡಿದ್ದೇನೆ.

ಉತ್ತರ ಬರಿ.

ನಿನ್ನ ಅಕ್ಕ
ಶಿವರತ್ನಮ್ಮ


ತೋಟದ ಮನೆ, ಹನೂರು
21 ಜೂನ್ 2024

ಶ್ರೀಮತಿ ಶಿವರತ್ನಮ್ಮನವರಿಗೆ,

ತಾವು ಬರೆದ ಕಾಗದ ತಲುಪಿತು. ತಾವು ದೊಡ್ಡ ಕೆಲಸಕ್ಕೆ ಸೇರಿರುವುದು ತಿಳಿಯಿತು. ನಮ್ಮ ಮನೆಯ ಹೆಂಗಸನ್ನು ತಿಂದ ಹುಳಕ್ಕೆ ತಾವು ನಿಂತು ಫೋಟೋ ತೆಗೆಯುವುದು, ಅದನ್ನು ಹೊಡೆಯಬೇಡಿ ಅಂತ ಜನಕ್ಕೆ ಬುದ್ಧಿ ಹೇಳುವುದು, ಎಲ್ಲ ಬಹಳ ಚೆನ್ನಾಗಿದೆ. ಮದುವೆ ಮನೆಯ ಫೋಟೋದವನ ಹಾಗೆ ಸ್ವಲ್ಪ ನಗು ಅಂತಲೂ ಅದಕ್ಕೆ ಹೇಳಿ.

ನಾನು ಇಲ್ಲಿ ಸೌದೆ ರಾಶಿ ಸುಟ್ಟೆ. ಹಿತ್ತಲ ಹುತ್ತಕ್ಕೆ ಸೀಮೆಎಣ್ಣೆ ಹುಯ್ದೆ. ಕಂಡಕಂಡದ್ದನ್ನು ಬಡಿದು ಹಾಕುತ್ತಿದ್ದೇನೆ. ಇನ್ನು ಮುಂದೂ ಬಡಿಯುತ್ತೇನೆ.

ಯಾರು ಹುಳ ಅಂದರು ಅಂತ ಕೇಳಿದ್ದೀರಿ. ಹೆಂಡತಿಯನ್ನು ಹೆಗಲ ಮೇಲೆ ಹಾಕಿಕೊಂಡು ಓಡಿದವನಿಗೆ ಯಾವ ಮಾತು ಬಾಯಿಗೆ ಬರುತ್ತದೆ ಅಂತ ಓಡಿದವನಿಗೇ ಗೊತ್ತು. ನೀನು ಓಡಿದ್ದೆಯಾ? ನೀನು ಮಾರನೇ ದಿನ ಬಸ್ಸಿನಲ್ಲಿ ಬಂದೆ, ಬಂದು ಅತ್ತೆ.

ದೀಪಾವಳಿ ಕಳೆದ ಮೇಲೆ ಬರುವ ಸೋಮವಾರ ರತ್ನಳ ವರ್ಷದ ಪೂಜೆ. ಅವಳನ್ನು ಮಣ್ಣು ಮಾಡಿದ ಗದ್ದುಗೆಯ ಹತ್ತಿರ ಪೂಜೆ ಮಾಡಿ ಊರವರಿಗೆ ಊಟ ಹಾಕಿಸುತ್ತೇನೆ. ಭಾವ ಬರಲಿ, ಅವಳ ಅಣ್ಣ, ಅವರ ಹಕ್ಕು. ಆ ಕೆಲಸ ಬಿಡುವ ತನಕ ನೀನು ಈ ಹೊಸ್ತಿಲು ತುಳಿಯಬೇಡ. ತವರು ಇತ್ತು ಅನ್ನುವುದನ್ನು ಮರೆತುಬಿಡು.

ಇತಿ
ಮಹದೇವಸ್ವಾಮಿ


ಮಧುವನಹಳ್ಳಿ
30 ಜೂನ್ 2024

ಶ್ರೀಮಾನ್ ಮಹದೇವಸ್ವಾಮಿಯವರ ಸನ್ನಿಧಾನಕ್ಕೆ,

ತಾವು ಬಹುವಚನದಲ್ಲಿ ಶುರುಮಾಡಿ ನಡುವೆ ಏಕವಚನಕ್ಕೆ ಇಳಿದಿದ್ದೀರಿ. ಸಿಟ್ಟು ಮಾಡುವುದಾದರೆ ನೆಟ್ಟಗೆ ಮಾಡಬೇಕು. ನಿನ್ನ ಮೂಗು ಒರೆಸಿ ಬೆಳೆಸಿದವಳಿಗೆ ‘ತಾವು’ ಅಂತ ಬರೆಯುತ್ತೀಯಾ, ಲೇ? ಇನ್ನೊಂದು ಸಲ ಬರೆದರೆ ಬಸ್ಸಿನಲ್ಲಿ ಬಂದು ಕಿವಿ ಹಿಂಡುತ್ತೇನೆ.

ಆ ಮನೆಯ ಹೊಸ್ತಿಲಿಗೆ ನಾನು ಅರಿಸಿನ ಬಳಿಯುವಾಗ ನೀನು ಅಂಬೆಗಾಲಿಡುತ್ತಿದ್ದೆ. ಅದನ್ನು ತುಳಿಯಬೇಡ ಅನ್ನಲು ನೀನು ಯಾರು? ರತ್ನ ನಿನಗೆ ಹೆಂಡತಿಯಾದದ್ದು ಆಮೇಲೆ. ಮೊದಲು ಅವಳು ನನ್ನ ನಾದಿನಿ. ಈ ಮನೆಗೆ ನಾನು ಸೊಸೆಯಾಗಿ ಬಂದಾಗ ಲಂಗ ಹಾಕಿಕೊಂಡು ನನ್ನ ಹಿಂದೆ ಸುತ್ತುತ್ತಿದ್ದಳು. ಅವಳಿಗೆ ಜಡೆ ಹಾಕಿದ್ದು ಈ ಕೈ. ನಿನಗೆ ಕೊಡಿ ಅಂತ ಅತ್ತೆಮಾವನ ಕಾಲು ಹಿಡಿದದ್ದೂ ಇದೇ ಕೈ. ಅವಳ ವರ್ಷದ ಪೂಜೆಗೆ ನಾನು ಬರಬಾರದೇ? ನಿನಗೆ ಗೊತ್ತು, ಬೇರೆ ಏನು ಅಂದಿದ್ದರೂ ನನಗೆ ಇಷ್ಟು ತಗಲುತ್ತಿರಲಿಲ್ಲ. ಹುಡುಕಿ ಹುಡುಕಿ ಅಲ್ಲೇ ಹೊಡೆದಿದ್ದೀಯ.

ಕೆಲಸ ಬಿಡುವುದಿಲ್ಲ.

ಅದೇನು ಸುಖದ ಕೆಲಸ ಅಂದುಕೊಂಡೆಯಾ? ಕೇಳು. ಮೊದಲ ವಾರ ನಾಲೆಯ ಕಲ್ಲುಕಟ್ಟೆಯ ಮೇಲೆ ಒಂದು ಕೇರೆಹಾವು ಬಿಸಿಲು ಕಾಯಿಸಿಕೊಳ್ಳುತ್ತಿತ್ತು. ಬಡಪಾಯಿ ಹಾವು, ವಿಷವೂ ಇಲ್ಲ. ಅಂಗೈ ಬೆವರಿ ಫೋನು ಮೀನಿನ ಹಾಗೆ ಜಾರುತ್ತಿತ್ತು. ಕಣ್ಣು ಮುಚ್ಚಿಕೊಂಡು ಒತ್ತೊತ್ತಿ ಬಂದೆ. ಮನೆಯಲ್ಲಿ ನಿನ್ನ ಭಾವ ಕನ್ನಡಕ ಹಾಕಿಕೊಂಡು ಒಂದೊಂದಾಗಿ ನೋಡಿದರು. ಒಂದರಲ್ಲಿ ಆಕಾಶ, ಒಂದರಲ್ಲಿ ನನ್ನ ಸೀರೆಯ ನೆರಿಗೆ, ಮಿಕ್ಕದ್ದರಲ್ಲೆಲ್ಲ ನನ್ನ ಪಾದ. “ಇದ್ಯಾವ್ ಜಾತಿ ಆವಮ್ಮಿ? ಐದು ಬೆರ್ಳವೆ, ಕಾಲುಂಗ್ರ ಬ್ಯಾರೆ ಆಕ್ಕಂಡದೆ!” ಅಂದರು. ರತ್ನ ಹೋದ ಮೇಲೆ ಅವರು ನಕ್ಕಿದ್ದು ಅದೇ ಮೊದಲು. ನಕ್ಕು, ನಗುತ್ತಲೇ ಎದ್ದು ಹಿತ್ತಲಿಗೆ ಹೋದರು. ಕಣ್ಣೊರೆಸಿಕೊಳ್ಳಲು ಅಂತ ನನಗೆ ಗೊತ್ತು.

ಮುಂದಿನ ವಾರ ಮತ್ತೆ ಹೋದೆ. ಹೆದರಿಕೆ ಒಂದಿಷ್ಟೂ ಕಡಿಮೆಯಾಗಿಲ್ಲ. ನಿನ್ನ ಮೇಲಿನ ಸಿಟ್ಟನ್ನು ನೆನೆಸಿಕೊಂಡರೆ ಮಾತ್ರ ಕೈ ನೆಟ್ಟಗೆ ನಿಲ್ಲುತ್ತದೆ. ಅಷ್ಟರ ಮಟ್ಟಿಗೆ ನಿನ್ನಿಂದ ಉಪಕಾರವಾಗಿದೆ.

ಹುತ್ತಕ್ಕೆ ಸೀಮೆಎಣ್ಣೆ ಹುಯ್ದೆ ಅಂತ ಬರೆದಿದ್ದೀಯ. ಬಡಿಯಲು ಹೋದವರಿಗೇ ಹೆಚ್ಚು ಕಚ್ಚುತ್ತವೆ ಅಂತ ಮೇಡಂ ಹೇಳಿದರು. ಬಡಿಯುವಾಗ ಬರಿಗಾಲಲ್ಲಿ ಹೋಗಬೇಡ. ಇಷ್ಟು ಸಿಟ್ಟಿನಲ್ಲೂ ಇದನ್ನು ಬರೆಯಬೇಕಾಗಿ ಬಂತಲ್ಲ, ಅದಕ್ಕೆ ಇನ್ನೂ ಸಿಟ್ಟು.

ಅಕ್ಕ
ಶಿವರತ್ನ


ಮಧುವನಹಳ್ಳಿ
4 ಆಗಸ್ಟ್ 2024

ತಮ್ಮ ಮಹದೇವಸ್ವಾಮಿಗೆ,

ಉತ್ತರ ಇಲ್ಲ. ಇರಲಿ. ಈ ಕಾಗದದ ಜೊತೆ ಒಂದು ಫೋಟೋ ಇಟ್ಟಿದ್ದೇನೆ. ಅದನ್ನು ನೋಡುವ ಮೊದಲು ಕೂತುಕೋ.

ನಮ್ಮ ಬಚ್ಚಲ ಹಿಂದೆ ಒಟ್ಟಿದ ಹಳೇ ಹೆಂಚುಗಳ ಸಂದಿಯಲ್ಲಿ ಸಿಕ್ಕಿತು. ಕಪ್ಪು ಮೈ, ಬಿಳೀ ದಾರ ಸುತ್ತಿದ ಹಾಗೆ ಪಟ್ಟೆ. ಕಟ್ಟುಹಾವು. ಹೆಂಚು ಎತ್ತಿದವರು ನಿನ್ನ ಭಾವ. ನಾನು ಕಿರುಚಲಿಲ್ಲ. ಬಾಯಿಗೆ ಸೆರಗು ತುರುಕಿಕೊಂಡಿದ್ದೆ, ಅದಕ್ಕೆ. ಒಂದು ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ತೆಗೆದೆ. ಅದರ ಮುಖ ಅಲುಗಾಡದೆ ಬಂದಿದೆ ನೋಡು. ಇಷ್ಟೇ ಇಷ್ಟು ಮುಖ. ಇದಕ್ಕೆ ನಮ್ಮ ರತ್ನ ಯಾರು ಅಂತ ಏನು ಗೊತ್ತು? ಬಯ್ಯೋಣ ಅಂತಲೇ ಹೋಗಿದ್ದೆ, ತಮ್ಮ. ಬಯ್ಯಲು ಅಲ್ಲಿ ಯಾರೂ ಇರಲಿಲ್ಲ.

ಹಿಡಿಯಲು ಬಲ್ಲವರು ಕೊಳ್ಳೇಗಾಲದಿಂದ ಬಂದು ತೆಗೆದುಕೊಂಡು ಹೋಗಿ ಕಾಡಂಚಿಗೆ ಬಿಟ್ಟರು. ಅದಕ್ಕೆ ನಮ್ಮ ಬೀದಿಯವರದು ಮೂರು ದಿನ ನನ್ನೊಡನೆ ಜಗಳ. “ಒಡ್ದಾಕದ್ ಬುಟ್ಟು ಮೆರ್ವಣ್ಗೆ ಮಾಡ್ಸಿದ್ಯಲ್ಲಮ್ಮಿ, ನಾಳೆ ನಮ್ಮೈಕಳ್ಗೆ ಮುಟ್ಟುದ್ರೆ ನೀ ಬಂದಿಯಾ?” ಅಂತ. ಬರುತ್ತೇನೆ ಅಂದೆ. ಬಂದು ಆಸ್ಪತ್ರೆಯಲ್ಲಿ ನಿಂತು ಹಾವು ಅಂತ ಕಿರುಚುತ್ತೇನೆ, ನಿಮ್ಮಗಳ ಹಾಗೆ ಹುಳ ಅಂತ ಗೊಣಗುವುದಿಲ್ಲ ಅಂದೆ. ಆ ಮಾತಿನ ಮೇಲೆ ಅವರು ನನ್ನ ಮನೆಗೆ ಮಜ್ಜಿಗೆಗೆ ಬರುವುದನ್ನೂ ನಿಲ್ಲಿಸಿದ್ದಾರೆ.

ಇದರ ದೊಡ್ಡ ಪ್ರತಿ ಮಾಡಿಸಿ, ಹಾಲಿನ ಡೇರಿಯ ಗೋಡೆಗೆ ಅಂಟಿಸಿದೆ. ಕೆಳಗೆ ನನ್ನ ಸೊಟ್ಟ ಅಕ್ಷರದಲ್ಲೇ ಬರೆದೆ: ‘ಇದು ಕಚ್ಚಿದರೆ ಊದುವುದಿಲ್ಲ, ನೋಯುವುದಿಲ್ಲ, ಆದರೂ ಸಾಯುತ್ತೀರಿ. ಆಸ್ಪತ್ರೆಗೆ ಓಡಿ. ಹಾವು ಅನ್ನಿ.’ ಮಾರನೇ ದಿನ ಯಾರೋ ಹರಿದು ಹಾಕಿದ್ದರು. ಬೆಳಗಾಗೆದ್ದು ಹಾಲು ಹಾಕಲು ಬಂದರೆ ಇದರ ಮುಖ ನೋಡಬೇಕೇ ಅಂತ. ಇನ್ನೊಂದು ಅಂಟಿಸಿದೆ. ಅದನ್ನೂ ಹರಿದರು. ಈಗ ಮೂರನೆಯದು. ಅವರ ಉಗುರು ಸವೆಯುತ್ತದೋ ನನ್ನ ಅಂಟು ಮುಗಿಯುತ್ತದೋ ನೋಡೋಣ.

ಈ ಫೋಟೋವನ್ನು ನಿಮ್ಮೂರ ಡೇರಿಗೆ ಹಾಕು. ನನ್ನ ಮುಖಕ್ಕಲ್ಲದಿದ್ದರೆ ರತ್ನಳ ಮುಖಕ್ಕೆ.

ಅಕ್ಕ
ಶಿವರತ್ನ


ತೋಟದ ಮನೆ, ಹನೂರು
12 ಸೆಪ್ಟೆಂಬರ್ 2024

ಅಕ್ಕನಿಗೆ,

ಫೋಟೋ ಒಲೆಗೆ ಹಾಕಿದೆ.

ಗೌರಿಹಬ್ಬಕ್ಕೆ ಬಾಗಿನ ಕಳಿಸಲಿಲ್ಲ. ದೀಪಶ್ರೀ ಮೊರ ತಂದು, ಬಳೆ ಬಿಚ್ಚೋಲೆ ಎಲ್ಲ ಜೋಡಿಸಿ ಇಟ್ಟಿದ್ದಳು. “ಅತ್ತೆಮ್ಮಂಗೆ ಕಳಿಸ್ದೆ ಇದ್ರೆ ನಾನೂ ಅಬ್ಬ ಮಾಡಕಿಲ್ಲ ಮಾವ” ಅಂದಳು. ಮಾಡಬೇಡ ಅಂದೆ. ಮಾಡಲಿಲ್ಲ. ನಮ್ಮ ಮನೆಯಲ್ಲಿ ಈ ವರ್ಷ ಹಬ್ಬ ಇಲ್ಲ, ಇದಕ್ಕೂ ನೀನೇ ಕಾರಣ.

ಮಾದೇಶನಿಗೆ ನಿನ್ನ ಕಾಗದ ತೋರಿಸಲಿಲ್ಲ. ಅವ್ವ ಹೇಗೆ ಸತ್ತಳು ಅಂತ ಅವನಿಗೆ ಒಂದು ತರ ಗೊತ್ತಿದೆ. ಹಾಗೇ ಗೊತ್ತಿರಲಿ.

ಇನ್ನು ಬರೆಯಬೇಡ.

ಮಹದೇವಸ್ವಾಮಿ


ಮಧುವನಹಳ್ಳಿ
22 ಸೆಪ್ಟೆಂಬರ್ 2024

ತಮ್ಮನಿಗೆ,

ಬರೆಯಬೇಡ ಅಂದೆ, ಬರೆಯುತ್ತಿದ್ದೇನೆ. ಬಾಗಿನ ಬರದ ಗೌರಿಯನ್ನು ನಾನು ಮದುವೆಯಾದಾಗಿನಿಂದ ಕಂಡಿರಲಿಲ್ಲ. ಅಪ್ಪ ಸತ್ತ ವರ್ಷವೂ ನೀನು ಸೈಕಲ್ಲಿನಲ್ಲಿ ಹೊತ್ತುಕೊಂಡು ಬಂದಿದ್ದೆ. ಈ ಸಲ ಬಾಗಿಲಲ್ಲಿ ಕೂತು ಎಲ್ಲರ ಮನೆಗೆ ತಮ್ಮಂದಿರು ಬರುವುದನ್ನು ನೋಡಿದೆ. ಅಷ್ಟು ಸಾಕು, ಹೆಚ್ಚು ಬರೆದರೆ ನೀನು ಗೆದ್ದೆ ಅಂದುಕೊಳ್ಳುತ್ತೀಯ.

ಎಲ್ಲ ಸಿಟ್ಟನ್ನೂ ನಿನ್ನೊಬ್ಬನ ಮೇಲೆ ಹಾಕುತ್ತೇನೆ ಅಂದುಕೊಂಡಿದ್ದೀಯ. ಇಲ್ಲ. ಮೊನ್ನೆ ಆರೋಗ್ಯದವರ ಒಂದು ಸಭೆಗೆ ಕೋಮಲ ಮೇಡಂ ನಮ್ಮನ್ನು ಕರೆದುಕೊಂಡು ಹೋಗಿದ್ದರು. ನಾನು ಎದ್ದು ನಿಂತು ಕೇಳಿದ್ದು ಒಂದೇ: ಬೇರೆ ಸೀಮೆಯಿಂದ ಹೊಸ ಡಾಕ್ಟರು ಬಂದರೆ, ಈ ಕಡೆಯವರು ಹುಳ ಮುಟ್ಟಿತು ಅಂದರೆ ಹಾವು ಅಂತ ತಿಳಿದುಕೊಳ್ಳಿ ಅಂತ ಮೊದಲ ದಿನವೇ ಹೇಳಿ. ಗೋಡೆಯ ಮೇಲೆ ಬರೆಸಿ. ದೊಡ್ಡ ಕುರ್ಚಿಯಲ್ಲಿದ್ದವರು ನಕ್ಕು, “ಅಮ್ಮ, ಅದು ಗ್ರಾಮ್ಯ ಮಾತು. ಸರ್ಕಾರಿ ಗೋಡೆ ಮೇಲೆ ಬರೆಯಕ್ಕೆ ಬರಲ್ಲ. ನೀವೇ ಸರಿಯಾದ ಕನ್ನಡ ಹೇಳಿ” ಅಂದರು.

ಆಗ ನನಗೆ ಬಂದ ಸಿಟ್ಟನ್ನು ನೀನು ನೋಡಬೇಕಿತ್ತು. “ಸಾಯೋರು ಗ್ರಾಮ್ಯದಲ್ಲೇ ಸಾಯ್ತಾವ್ರೆ ಸಾ, ಅದುನ್ನಾರ ಬರ್ಕಳಿ!” ಅಂದೆ. ಮೇಡಂ ನನ್ನ ಕೈ ಹಿಡಿದು ಕೂರಿಸಿದರು. ಕುರ್ಚಿಯವರು ನೋಡೋಣ ಅಂದಿದ್ದಾರೆ. ‘ನೋಡೋಣ’ ಅಂದರೆ ಏನು ಅಂತ ನಿನಗೂ ಗೊತ್ತು, ನನಗೂ ಗೊತ್ತು.

ವರ್ಷದ ಪೂಜೆ ಹತ್ತಿರ ಬರುತ್ತಿದೆ. “ನಿನ್ ಬುಟ್ಟು ನಾನೊಬ್ನೇ ಓಗಕಿಲ್ಲ” ಅಂತ ನಿನ್ನ ಭಾವ ಹಟ ಹಿಡಿದು ಕೂತಿದ್ದಾರೆ. ಒಡಹುಟ್ಟಿದ ಅಣ್ಣನೂ ಇಲ್ಲದೆ ಅವಳಿಗೆ ಹೂವು ಏರಿಸುತ್ತೀಯಾ? ನನ್ನ ಮೇಲಿನ ಹಟಕ್ಕೆ ಅವಳನ್ನು ತವರಿನವರಿಲ್ಲದ ಅನಾಥೆ ಮಾಡಬೇಡ. ಇಬ್ಬರೂ ಬರಲಿ ಅಂತ ಒಂದು ಸಾಲು ಬರಿ.

ಅಕ್ಕ
ಶಿವರತ್ನ


ತೋಟದ ಮನೆ, ಹನೂರು
20 ಅಕ್ಟೋಬರ್ 2024

ಅಕ್ಕನಿಗೆ ತಮ್ಮ ಮಹದೇವಸ್ವಾಮಿ ಮಾಡುವ ನಮಸ್ಕಾರ.

ನೀನು ಕೇಳಿದ ಒಂದು ಸಾಲು ಇದಲ್ಲ. ಬೇರೆ ವಿಷಯ ಬರೆಯುತ್ತಿದ್ದೇನೆ.

ಹೋದ ಸೋಮವಾರ ಮಳೆ ಹಿಡಿದಿತ್ತು. ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯಲ್ಲಿ ಕೂಗಾಟ. ಚಿಕ್ಕನಿಂಗಮ್ಮಜ್ಜಿ ಕೋಳಿ ಮುಚ್ಚಲು ಹೋಗಿ, ಮಂಕರಿ ಬುಟ್ಟಿಯ ಕೆಳಗೆ ಕೈ ಹಾಕಿದ್ದಳು. ನಾನು ಓಡಿಹೋದಾಗ ಅದು ಇನ್ನೂ ಗೋಡೆಯ ಬುಡದಲ್ಲೇ ಇತ್ತು. ಕಟ್ಟುಹಾವು. ನನಗೆ ಅದನ್ನು ಯಾರೂ ತೋರಿಸಿಕೊಡಬೇಕಾಗಿಲ್ಲ. ಕೈಯಲ್ಲಿ ದೊಣ್ಣೆ ಇತ್ತು. ಹೊಡೆಯುವಷ್ಟು ಹತ್ತಿರ ಇತ್ತು. ಹೊಡೆಯಲಿಲ್ಲ. ಹೊತ್ತಾಗುತ್ತದೆ ಅಂತ ದೊಣ್ಣೆ ಎಸೆದು ಮುದುಕಿಯನ್ನು ಎತ್ತಿಕೊಂಡೆ. ಅವಳ ಮಗ ಮಾದಸ್ವಾಮಿ ಆಟೋ ಹೊರಡಿಸಿದ.

ಅದೇ ಆಸ್ಪತ್ರೆ, ಅದೇ ಬಾಗಿಲು. ಡಾಕ್ಟರು ಮಾತ್ರ ಬೇರೆ, ಚಿಕ್ಕ ವಯಸ್ಸಿನ ಹೆಣ್ಣುಮಗಳು, ರಾಯಚೂರು ಕಡೆಯವಳು. “ಏನಾಗೇದ್ರಿ?” ಅಂದಳು. ಮಾದಸ್ವಾಮಿ ಮುಂದೆ ಹೋಗಿ ಕೈ ಮುಗಿದು, “ಉಳ ಮುಟ್ಬುಡ್ತು ಮೇಡಂ” ಅಂದ.

ಅಕ್ಕ, ಅವನ ದನಿ ನನ್ನ ದನಿಯ ಹಾಗೇ ಇತ್ತು. ಬಾಗಿದ್ದು, ಕೈ ಮುಗಿದದ್ದು, ಎಲ್ಲವೂ. ಆ ಹುಡುಗಿ ಮುದುಕಿಯ ಬೆರಳು ನೋಡಿದಳು. ಊತವಿಲ್ಲ. ಅವಳ ಮುಖ ನಿರಾಳವಾಯಿತು. ಆ ನಿರಾಳವಾದ ಮುಖವನ್ನು ನಾನು ಹಿಂದೆ ಒಂದು ಸಲ ನೋಡಿದ್ದೇನೆ.

ನಾನು ಮಾದಸ್ವಾಮಿಯನ್ನು ಪಕ್ಕಕ್ಕೆ ನೂಕಿ, “ಉಳ ಅಲ್ಲ ಕಣ್ರವ್ವ, ಆವು! ಆವು!” ಅಂದೆ.

ಅವಳಿಗೆ ಅರ್ಥವಾಗಲಿಲ್ಲ. “ಆವು ಅಂದ್ರ? ಆಕಳೇನ್ರಿ? ಆಕಳ ಹಾಯ್ತೇನು ಅಜ್ಜಿಗೆ?” ಅಂದಳು.

ಹೇಳಿದರೂ ಹೇಳಿದ ಹಾಗಾಗಲಿಲ್ಲ ನೋಡು. ಮೇಷ್ಟ್ರು ಹ ಅನ್ನು, ಹ ಅನ್ನು ಅಂತ ಬೆತ್ತ ಮುರಿದರೂ ನಮ್ಮ ಬಾಯಲ್ಲಿ ಬಾರದ ಅಕ್ಷರ ಅದು. ಬರೆಯುವಾಗ ಹಾಕುತ್ತೇವೆ, ಆಡುವಾಗ ನುಂಗುತ್ತೇವೆ. ಮುದುಕಿಯ ರೆಪ್ಪೆ ಜೋಲುತ್ತಿತ್ತು. ನಾನು ಎರಡು ಕೈಯಲ್ಲೂ ಮೇಜು ಹಿಡಿದುಕೊಂಡು, ಹೊಟ್ಟೆಯಿಂದ ಉಸಿರು ತಂದು ಕೂಗಿದೆ. “ಹಾವು! ಹಾವು ಕಚ್ಚಿದೆ! ಕಟ್ಟುಹಾವು!” ಆಸ್ಪತ್ರೆಯೆಲ್ಲ ತಿರುಗಿ ನೋಡಿತು. ಆ ಹುಡುಗಿ ನನ್ನ ಮುಖ ನೋಡಲಿಲ್ಲ, ಆಗಲೇ ಓಡುತ್ತಿದ್ದಳು.

ಔಷಧಿ ಏರಿಸಿದರು. ಉಸಿರಿಗೆ ಪೈಪು ಹಾಕಿ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಬದುಕಿಕೊಂಡಳು. ನೆನ್ನೆ ಎದ್ದು ಕೂತು, ಗಂಜಿಗೆ ಉಪ್ಪಿಲ್ಲ ಅಂತ ನರ್ಸಮ್ಮನಿಗೆ ಬಯ್ದಳಂತೆ. ಮಾದಸ್ವಾಮಿ ನನ್ನ ಕಾಲಿಗೆ ಬಿದ್ದ. ಊರೆಲ್ಲ ನನ್ನನ್ನು ಹೊಗಳುತ್ತಿದೆ.

ನನಗೆ ಸಂತೋಷ ಆಗಬೇಕಿತ್ತು. ಆಸ್ಪತ್ರೆಯ ಹಿಂದೆ ಹೋಗಿ ಗೋಡೆಗೆ ಗುದ್ದಿದೆ. ಬೆರಳು ಸುಲಿದಿದೆ, ಅಕ್ಷರ ಸೊಟ್ಟಗಾದರೆ ಅದಕ್ಕೇ. ಎರಡೇ ಅಕ್ಷರ ಅಕ್ಕ. ಇಷ್ಟು ದಿನ ಡಾಕ್ಟರನ್ನು ಬಯ್ದುಕೊಂಡು ಹೇಗೋ ನಿದ್ದೆ ಮಾಡುತ್ತಿದ್ದೆ. ಮುದುಕಿ ಬದುಕಿ ನನಗೆ ಅದೂ ಇಲ್ಲದ ಹಾಗೆ ಮಾಡಿದಳು. ಮಾದೇಶನಿಗೆ ಎಲ್ಲ ಹೇಳಿದೆ. ಅವನು ಎದ್ದು ಹೋಗಿ ಹಸುವಿಗೆ ಹುಲ್ಲು ಹಾಕಿದ. ಬಯ್ದಿದ್ದರೆ ಚೆನ್ನಾಗಿತ್ತು.

ನೀನು ಬರೆದದ್ದು ನಿಜ. ಅದಕ್ಕೇ ಪೂಜೆಗೆ ಬರಬೇಡ. ಮೊದಲು ನಿನ್ನ ಮೇಲಿನ ಸಿಟ್ಟಿಗೆ ಬೇಡ ಅಂದಿದ್ದೆ. ಈಗ ಹಾಗಲ್ಲ. ನಿನ್ನ ಮುಖ, ಭಾವನ ಮುಖ, ಎರಡನ್ನೂ ನಾನು ನೋಡಲಾರೆ.

ನಿನ್ನ ತಮ್ಮ
ಮಹದೇವಸ್ವಾಮಿ


ಮಧುವನಹಳ್ಳಿ
25 ಅಕ್ಟೋಬರ್ 2024

ನನ್ನ ತಮ್ಮ ಮಹದೇವಸ್ವಾಮಿಗೆ,

ನಿನ್ನ ಕಾಗದವನ್ನು ನಿನ್ನ ಭಾವನಿಗೆ ಓದಿ ಹೇಳಿದೆ. ಆಕಳ ಜಾಗ ಬಂದಾಗ ಅವರಿಗೆ ನಗು ತಡೆಯಲಾಗಲಿಲ್ಲ. ಮುಂದಿನದನ್ನು ಇನ್ನೊಮ್ಮೆ ಓದಿಸಿದರು. ಆಮೇಲೆ ಅಂದರು: “ಅಂವ ಒಬ್ನೇ ಏನ್ ಮಾಡಾನು ಅಮ್ಮಿ? ಆವತ್ತು ಅಲ್ಲಿ ನಾನಿದ್ದಿದ್ರೂ ಉಳ ಅಂತಲೇ ಅಂದಿರನಿ.” ಅಂದು, ತಟ್ಟೆ ಎಳೆದುಕೊಂಡು ಉಂಡರು. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. ಬೇಕಾದರೆ ಬಂದ ಮೇಲೆ ಅವರನ್ನೇ ಕೇಳು.

ಹೌದು, ಬಂದ ಮೇಲೆ. ಬರುತ್ತಿದ್ದೇವೆ, ಇಬ್ಬರೂ.

ಮುಖ ನೋಡಲಾರೆಯಾ? ಹಾಗಾದರೆ ಬೆನ್ನು ತಿರುಗಿಸಿ ಕೂತುಕೋ. ನಿನ್ನ ಬೆನ್ನು ನೋಡಿಕೊಂಡೇ ಉಣ್ಣುತ್ತೇನೆ. ಹೊಸ್ತಿಲು ತುಳಿಯಬೇಡ ಅಂದಿದ್ದೆಯಲ್ಲ, ದಾಟಿಕೊಂಡು ಬರುತ್ತೇನೆ, ಸಣ್ಣವಳಿದ್ದಾಗ ಅವ್ವ ಹಾಗೇ ಕಲಿಸಿದ್ದಳು.

ಗೋಡೆಗೆ ಗುದ್ದಿದೆಯಾ, ಲೇ ಮೂರ್ಖ? ಆ ಕೈಯಲ್ಲಿ ಗದ್ದುಗೆಗೆ ಹೂವು ಏರಿಸಬೇಕು. ಬೇವಿನೆಣ್ಣೆ ಹಚ್ಚು. ನನಗೆ ನಿನ್ನ ಮೇಲೆ ಈಗಲೂ ಸಿಟ್ಟಿದೆ, ಹೋಗಿದೆ ಅಂತ ಸುಳ್ಳು ಹೇಳುವುದಿಲ್ಲ. ಬಾಗಿನ ಕಳಿಸಲಿಲ್ಲ, ಫೋಟೋ ಸುಟ್ಟೆ, ನನ್ನನ್ನು ‘ತಾವು’ ಅಂದೆ. ಇವಕ್ಕೆಲ್ಲ ಎದುರಿಗೆ ಕೂತು ಬಯ್ಯುವುದಿದೆ. ಆದರೆ ರತ್ನಳ ವಿಷಯದ ಸಿಟ್ಟನ್ನು ಪೂರ್ತಿ ನೀನೊಬ್ಬನೇ ಹೊತ್ತುಕೊಳ್ಳಬೇಡ. ಅದು ಒಬ್ಬನ ಪಾಲಿನದಲ್ಲ. ಒಂದು ಪಾಲು ಆ ಡಾಕ್ಟರದು. ಒಂದು ಪಾಲು ಸರ್ಕಾರಿ ಗೋಡೆಯವರದು, ಅವರನ್ನು ನಾನು ಬಿಡುವುದಿಲ್ಲ. ಮಿಕ್ಕದ್ದು ದೀಪ ಹಚ್ಚಿ ಬಾಯಿ ಮುಚ್ಚಿಕೊಂಡ ನಮ್ಮೆಲ್ಲರದು. ನಿನ್ನ ಪಾಲು ನಿನಗಿರಲಿ, ಕಿತ್ತುಕೊಳ್ಳುವುದಿಲ್ಲ. ಆದರೆ ಅಷ್ಟೇ ಇರಲಿ, ಹೆಚ್ಚಿಗೆ ಬೇಡ.

ಮಾದೇಶನನ್ನು ನನಗೆ ಬಿಡು. ಅವನು ಹುಲ್ಲು ಹಾಕಲಿ. ಹುಲ್ಲು ಮುಗಿದ ಮೇಲೆ ಮಾತಾಡುತ್ತಾನೆ, ಅವರವ್ವನೂ ಹಾಗೇ ಇದ್ದಳು.

ಪೂಜೆಗೆ ಏನು ತರಬೇಕು ಅಂತ ಕೇಳುವುದಿಲ್ಲ. ರತ್ನಳಿಗೆ ಇಷ್ಟ ಅಂತ ಕಜ್ಜಾಯಕ್ಕೆ ಅಕ್ಕಿ ನೆನೆಹಾಕುತ್ತೇನೆ. ಆ ದಿನ ಊಟಕ್ಕೆ ಊರೆಲ್ಲ ಸೇರುತ್ತದೆ. ಊಟ ಬಡಿಸುವ ಮೊದಲು ನೀನು ಎದ್ದು ನಿಂತು, ಆಸ್ಪತ್ರೆಯಲ್ಲಿ ಹೇಗೆ ಕೂಗಿದೆ ಅಂತ ಅವರಿಗೆ ಕೂಗಿ ತೋರಿಸಬೇಕು. ದೀಪ ಹಚ್ಚಿದ ಮೇಲೆಯೇ ಕೂಗಬೇಕು. ಹ ಸೇರಿಸಿ. ನಾಚಿಕೆಯಾದರೆ ಪಕ್ಕದಲ್ಲಿ ನಾನು ನಿಲ್ಲುತ್ತೇನೆ, ಇಬ್ಬರೂ ಕೂಗೋಣ.

ದೀಪಶ್ರೀಗೆ, ಮಾದೇಶನಿಗೆ, ಉಪ್ಪು ಕೇಳಿದ ಅಜ್ಜಿಗೆ ನನ್ನ ಆಶೀರ್ವಾದ ಹೇಳು. ಬೇಡ ಅನ್ನುವುದಿದ್ದರೆ ನಾನು ಬಸ್ಸು ಹತ್ತುವ ಮೊದಲೇ ಅನ್ನು. ಬಯ್ದೇ ಬರಿ, ಆದರೆ ಬೇಗ ಬರಿ.

ನಿನ್ನ ಅಕ್ಕ
ಶಿವರತ್ನ